ಬೇವಿನ ಹೂವಿನ ಪಾನಕ: ಗುಳ್ಳೆ ಎಲ್ಲಿಂದ ಬರಬೇಕು?

ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಹೊತ್ತಿಗೆ ಭೀಮಾ ಮತ್ತು ಕೃಷ್ಣಾ ನದಿಗಳ ಆಸುಪಾಸಿನ ನಾಡಿನಲ್ಲಿ ಬಿಸಿಲು ಬಲಿಯತೊಡಗಿರುತ್ತದೆ. ಹೊಲಗಳಲ್ಲಿ ಜೋಳದ ಕೂಳೆಯಲ್ಲದೆ ಬೇರೇನೂ ಉಳಿದಿರುವುದಿಲ್ಲ. ಹಳ್ಳಗಳು ಬತ್ತಿ ಕಲ್ಲು ಮೇಲೆದ್ದಿರುತ್ತವೆ. ಆದರೆ ಇದೇ ಕಾಲದಲ್ಲಿ ಬೇವಿನ ಮರವೊಂದು ಮಾತ್ರ ಹಳೆಯ ಎಲೆಯನ್ನು ಕಳಚಿ, ತಾಮ್ರವರ್ಣದ ಚಿಗುರನ್ನು ತಳೆದು, ಸಣ್ಣ ಸಣ್ಣ ಬಿಳಿಯ ಹೂಗೊಂಚಲುಗಳಿಂದ ಮೈತುಂಬಿಕೊಳ್ಳುತ್ತದೆ. ಸಂಜೆಯ ಹೊತ್ತು ಆ ಮರದ ಕೆಳಗೆ ನಿಂತವರಿಗೆ ಜೇನನ್ನು ನೆನಪಿಗೆ ತರುವ ಒಂದು ಮೆಲುಗಂಪು ಗೋಚರವಾಗುತ್ತದೆ. ಕಹಿಗೇ ಹೆಸರಾದ ಮರದಲ್ಲಿ ಇಂತಹ ಸುಗಂಧವಿರುವುದು ಪ್ರಕೃತಿಯ ವಿನೋದಗಳಲ್ಲೊಂದು.

ಯುಗಾದಿಯ ದಿನ ಹಳೆಯ ಮೈಸೂರು ಸೀಮೆಯವರು ಬೇವು ಬೆಲ್ಲವನ್ನು ತಿನ್ನುತ್ತಾರೆ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯವರು ಅದನ್ನು ಕುಡಿಯುತ್ತಾರೆ. ಈ ಭೇದ ಸಣ್ಣದಲ್ಲ. ಹೊಸ ಮಣ್ಣಿನ ಗಡಿಗೆಯಲ್ಲಿ ತಣ್ಣೀರು ತುಂಬಿ, ಅದಕ್ಕೆ ಹುಣಿಸೆಯ ರಸ, ಬೆಲ್ಲ, ಹೆರೆದ ಮಾವಿನಕಾಯಿ, ಬಿಡಿಸಿದ ಬೇವಿನ ಹೂವು, ಪುಟಾಣಿ ಹಿಟ್ಟು, ಒಣದ್ರಾಕ್ಷಿ, ಉತ್ತತ್ತಿ, ಏಲಕ್ಕಿ, ಅನುಕೂಲವಿದ್ದವರು ಬಾಳೆ ಕರಬೂಜಗಳ ಹೋಳುಗಳನ್ನು ಸೇರಿಸುತ್ತಾರೆ. ಈ ಪೇಯಕ್ಕೆ ಹೆಸರೇ ಬೇವು. ಹಬ್ಬದ ದಿನ ನೆರೆಹೊರೆಯವರನ್ನು ‘ಬೇವು ಕುಡಿಯಲು ಬನ್ನಿ’ ಎಂದು ಕರೆಯುವುದುಂಟು. ಆ ಗಡಿಗೆಯ ಸುತ್ತ ಹಸುಳೆಯಿಂದ ಮುದುಕರವರೆಗೆ ಎಲ್ಲ ವಯಸ್ಸಿನವರೂ ಎಲ್ಲ ಪಂಥದವರೂ ನೆರೆಯುತ್ತಾರೆ. ಈ ಲೇಖನದ ವಾದಕ್ಕೆ ಮುಖ್ಯವಾದ ಸಂಗತಿ ಇದೇ ಆದುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ.

ಹೂವಿನಿಂದ ಪಾನಕ ಮಾಡುವ ಪದ್ಧತಿ ನಮಗೊಬ್ಬರಿಗೇ ಸೇರಿದುದಲ್ಲ. ಸುರಪುರದಲ್ಲಿ ಟೇಲರ್ ಮಂಜಿಲನ್ನು ಕಟ್ಟಿಸಿದ ಮೆಡೋಸ್ ಟೇಲರನ ತಾಯ್ನಾಡಾದ ಇಂಗ್ಲೆಂಡಿನಲ್ಲಿಯೂ, ಯೂರೋಪಿನ ಇತರ ಭಾಗಗಳಲ್ಲಿಯೂ ಎಲ್ಡರ್ ಎಂಬ ಪೊದೆಮರವೊಂದು ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಸಾಂಬೂಕಸ್ ನೈಗ್ರ ಎಂದು ಕರೆಯುತ್ತಾರೆ. ಮೇ ಜೂನ್ ತಿಂಗಳುಗಳಲ್ಲಿ ಅದು ಕೆನೆಬಣ್ಣದ ಹೂಗೊಂಚಲುಗಳನ್ನು ಬಿಡುತ್ತದೆ. ಹಳ್ಳಿಯ ಗೃಹಿಣಿಯರು ಆ ಹೂವನ್ನು ಸಕ್ಕರೆ, ನಿಂಬೆ, ನೀರುಗಳೊಡನೆ ಕೆಲವು ದಿನ ನೆನೆಯಿಟ್ಟು, ಸೋಸಿ, ಸೀಸೆಗಳಲ್ಲಿ ತುಂಬಿ ಬಿರಡೆ ಹಾಕಿಡುತ್ತಾರೆ. ಒಂದೆರಡು ವಾರಗಳಲ್ಲಿ ಸೀಸೆಯೊಳಗೆ ತಾನಾಗಿಯೇ ಗಾಳಿ ಹುಟ್ಟಿ, ಬಿರಡೆ ತೆಗೆದೊಡನೆ ಪಾನಕ ಬುಸುಗುಟ್ಟಿ ನೊರೆಯೇಳುತ್ತದೆ. ಅಲ್ಲಿನವರು ಅದನ್ನು ವಿನೋದವಾಗಿ ‘ಶಾಂಪೇನ್’ ಎಂದೂ ಕರೆಯುವುದುಂಟು. ಕೆಲವೊಮ್ಮೆ ಆ ಸೀಸೆಗಳು ಮನೆಯವರು ನಿದ್ರಿಸುತ್ತಿರುವಾಗ ಒಂದರ ಹಿಂದೊಂದರಂತೆ ಸಿಡಿಯುವುದೂ ಉಂಟು.

ಮನೆಯಲ್ಲಿಯೇ ಇಂತಹ ಗುಳ್ಳೆಯೇಳುವ ಪಾನೀಯಗಳನ್ನು ತಯಾರಿಸುವ ಹವ್ಯಾಸ ಈಚಿನ ವರ್ಷಗಳಲ್ಲಿ ನಮ್ಮ ನಗರಗಳಿಗೂ ಬಂದಿದೆ. ಶುಂಠಿ, ಹಣ್ಣು, ಚಹಾ ಮುಂತಾದವುಗಳನ್ನು ಹುದುಗಿಸಿ ಸೀಸೆಗಟ್ಟುವವರನ್ನು ಈಗ ಅಲ್ಲಲ್ಲಿ ಕಾಣಬಹುದು. ಹಾಗಾದರೆ ನಮ್ಮ ಬೇವಿಗೇಕೆ ಈ ಭಾಗ್ಯವಿರಬಾರದು? ಹೂವಿದೆ, ಬೆಲ್ಲವಿದೆ, ಹುಳಿಯಿದೆ, ಬೇಕಾದಷ್ಟು ಸೆಕೆಯೂ ಇದೆ. ಅದನ್ನೂ ಸೀಸೆಯಲ್ಲಿ ಹುದುಗಿಸಿ, ಗುಳ್ಳೆ ಬರಿಸಿ, ಬೇಸಗೆಯುದ್ದಕ್ಕೂ ಇಟ್ಟುಕೊಳ್ಳಬಾರದೇಕೆ? ಈ ಪ್ರಶ್ನೆ ಸಹಜವಾದುದು, ಕೇಳತಕ್ಕುದೇ ಆದುದು. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬೇವಿನ ಪಾನಕಕ್ಕೆ ಗುಳ್ಳೆ ಬರಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅದು ಪಾನಕದ ಒಳಗಿನಿಂದ ಹುಟ್ಟದೆ ಹೊರಗಿನಿಂದ ಬರಬೇಕು. ಹುದುಗುತ್ತಿರುವ ಪಾನಕವನ್ನು ಸೀಸೆಯಲ್ಲಿ ಮುಚ್ಚಿಡುವ ಪದ್ಧತಿ ಈ ನಾಡಿನ ಬೇಸಗೆಗೂ ಹೊಂದುವುದಿಲ್ಲ, ಬೇವಿನ ಗಡಿಗೆಯ ಧರ್ಮಕ್ಕೂ ಹೊಂದುವುದಿಲ್ಲ. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಗುಳ್ಳೆಯ ಹುಟ್ಟನ್ನು ತಿಳಿಯಬೇಕು. ಸಿಹಿಯಾದ ರಸವು ಬೆಚ್ಚಗಿನ ಜಾಗದಲ್ಲಿದ್ದರೆ ನೊರೆಗಟ್ಟಿ ಹುಳಿಯುವುದನ್ನು ಮಾನವನು ಅನಾದಿಯಿಂದ ಕಂಡಿದ್ದಾನೆ. ಅದರ ಮರ್ಮ ತಿಳಿದದ್ದು ಮಾತ್ರ ಈಚೆಗೆ. ೧೭೮೯ರಲ್ಲಿ ಫ್ರಾನ್ಸಿನ ಲವಾಸಿಯೇ ಎಂಬ ರಸಾಯನ ವಿಜ್ಞಾನಿಯು ಸಕ್ಕರೆಯು ಒಡೆದು ಮದ್ಯಸಾರ ಮತ್ತು ಇಂಗಾಲಾಮ್ಲ ವಾಯು, ಎಂದರೆ ಇಂದು ನಾವು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲ, ಈ ಎರಡಾಗಿ ಮಾರ್ಪಡುತ್ತದೆಂದು ತೂಕ ಹಾಕಿ ತೋರಿಸಿದನು. ೧೮೫೭ರಿಂದ ೧೮೬೦ರ ಅವಧಿಯಲ್ಲಿ ಲೂಯಿ ಪಾಸ್ತರನು ಈ ಕಾರ್ಯವು ಜೀವವಿಲ್ಲದ ರಾಸಾಯನಿಕ ಕ್ರಿಯೆಯಲ್ಲವೆಂದೂ, ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಜೀವನ ವ್ಯಾಪಾರವೆಂದೂ ಸ್ಥಿರಪಡಿಸಿದನು. ಬರಿಗಣ್ಣಿಗೆ ಕಾಣದ ಈ ಏಕಕೋಶ ಜೀವಿಗಳು ಹೂವಿನ ಮಕರಂದದಲ್ಲಿವೆ, ಮಾವಿನ ಸಿಪ್ಪೆಯ ಮೇಲಿವೆ, ಒಣದ್ರಾಕ್ಷಿಯ ಮೇಲಿವೆ, ಬೆಲ್ಲದಲ್ಲಿಯೂ ಇವೆ. ಆದುದರಿಂದ ಬೇವಿನ ಗಡಿಗೆಗೆ ಯಾರೂ ಹೆಪ್ಪು ಹಾಕಬೇಕಾದುದಿಲ್ಲ. ಹೆಪ್ಪು ತಾನಾಗಿ ಬಂದು ಸೇರಿರುತ್ತದೆ.

ಹುಣಿಸೆಯ ಹುಳಿಯು ಅನೇಕ ಕೆಡುಕು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವುದು ನಿಜ. ಆದರೆ ಯೀಸ್ಟಿಗೆ ಆ ಹುಳಿಯ ಭಯವಿಲ್ಲ. ಅದಕ್ಕೆ ಪ್ರಿಯವಾದ ಉಷ್ಣತೆ ೩೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಯುಗಾದಿಯ ಸಮಯಕ್ಕೆ ಯಾದಗಿರಿಯ ಮನೆಗಳ ಒಳಗೆ ಇಷ್ಟು ಉಷ್ಣತೆ ರಾತ್ರಿಯೂ ಉಳಿದಿರಬಹುದು. ಮುಂದೆ ವೈಶಾಖದ ಹಗಲಿನಲ್ಲಿ ಹೊರಗಿನ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ಈ ಜಿಲ್ಲೆಯಲ್ಲಿ ವಾಡಿಕೆ. ಇಂಗ್ಲೆಂಡಿನ ತಂಪು ಉಗ್ರಾಣದಲ್ಲಿ ವಾರಗಟ್ಟಲೆ ನಡೆಯುವ ಕೆಲಸ ಇಲ್ಲಿ ಒಂದೆರಡು ದಿನಗಳಲ್ಲಿಯೇ ಮುಗಿಯುತ್ತದೆ. ಬೇವಿನಲ್ಲಿ ಪುಟಾಣಿ ಹಿಟ್ಟು ಮತ್ತು ಹಣ್ಣಿನ ಹೋಳುಗಳೂ ಇರುವುದರಿಂದ ಯೀಸ್ಟಿನ ಜೊತೆಗೆ ಬೇರೆ ಬೇರೆ ಬ್ಯಾಕ್ಟೀರಿಯಗಳಿಗೂ ಅಲ್ಲಿ ಸಮೃದ್ಧ ಭೋಜನ ದೊರೆಯುತ್ತದೆ. ‘ಅಂದಿನ ಬೇವು ಅಂದೇ ತೀರಬೇಕು’ ಎಂಬ ಹಿರಿಯರ ನಿಯಮ ಕೇವಲ ಸಂಪ್ರದಾಯವಲ್ಲ. ಸೂಕ್ಷ್ಮದರ್ಶಕವನ್ನು ಕಾಣದವರು ನಾಲಗೆಯಿಂದಲೇ ಕಂಡುಕೊಂಡ ವಿಜ್ಞಾನವದು.

ಇನ್ನು ಲೆಕ್ಕಕ್ಕೆ ಬರೋಣ. ಯೀಸ್ಟು ಸಕ್ಕರೆಯನ್ನು ಒಡೆದಾಗ ಮದ್ಯಸಾರವೂ ಇಂಗಾಲಾಮ್ಲ ವಾಯುವೂ ತೂಕದಲ್ಲಿ ಸುಮಾರು ಸಮಸಮವಾಗಿ ಹುಟ್ಟುತ್ತವೆ. ಅವು ಅವಳಿ ಮಕ್ಕಳು. ಒಂದನ್ನು ಕರೆದರೆ ಇನ್ನೊಂದೂ ಬಂದೇ ತೀರುತ್ತದೆ. ಒಂದು ಲೀಟರು ಪಾನಕದಲ್ಲಿ ೪ ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರಿನಷ್ಟು ಅನಿಲ ಹೊರಡುತ್ತದೆ. ಅಂಗಡಿಯ ಸೋಡಾದ ಖಾರ ನಾಲಗೆಗೆ ತಟ್ಟಬೇಕಾದರೆ ಲೀಟರಿಗೆ ಮೂರು ಲೀಟರಾದರೂ ಅನಿಲ ಬೇಕು. ಎಂದರೆ ೧೨ ಗ್ರಾಂ ಸಕ್ಕರೆ ಹುದುಗಬೇಕು. ಆ ೧೨ ಗ್ರಾಂ ಸಕ್ಕರೆಯಿಂದಲೇ ಸುಮಾರು ಆರೂವರೆ ಗ್ರಾಂ ಮದ್ಯಸಾರವೂ ಹುಟ್ಟುತ್ತದೆ. ಗಾತ್ರದಲ್ಲಿ ಅದು ಪಾನಕದ ಶೇಕಡ ೦.೮ರಷ್ಟಾಗುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೧೮ರಲ್ಲಿ ಪ್ರಕಟಿಸಿದ ನಿಯಮಾವಳಿಯ ಪ್ರಕಾರ ಶೇಕಡ ೦.೫ಕ್ಕಿಂತ ಹೆಚ್ಚು ಮದ್ಯಸಾರವಿರುವ ಪೇಯ ಮದ್ಯದ ವರ್ಗಕ್ಕೆ ಸೇರುತ್ತದೆ. ಹೀಗೆ, ಒಳಗಿನಿಂದಲೇ ಸೋಡಾದಷ್ಟು ಗುಳ್ಳೆ ಬರಿಸಿದ ಪಾನಕ ಆ ಗೆರೆಯನ್ನು ಆಗಲೇ ದಾಟಿರುತ್ತದೆ.

ಅದು ಅಲ್ಲಿಗೇ ನಿಲ್ಲುವುದೂ ಇಲ್ಲ. ಲೀಟರು ನೀರಿಗೆ ೧೦೦ ಗ್ರಾಂ ಬೆಲ್ಲ ಹಾಕುವುದು ನಮ್ಮ ಪಾನಕಗಳಿಗೆ ಹೆಚ್ಚೇನಲ್ಲ. ಅದರ ಸಕ್ಕರೆಯೆಲ್ಲ ಹುದುಗಿದರೆ ಮದ್ಯಸಾರದ ಪ್ರಮಾಣ ಶೇಕಡ ಐದರ ಮೇಲೆ ಏರಿ, ಈಚಲ ಮರದ ಸೇಂದಿಗೆ ಸರಿಸಮವಾಗಿ ನಿಲ್ಲುತ್ತದೆ. ಮುಂಜಾನೆ ಸಿಹಿಯಾಗಿದ್ದ ಈಚಲ ರಸ ಮಧ್ಯಾಹ್ನದೊಳಗೆ ಸೇಂದಿಯಾಗುವುದನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ರಸವನ್ನು ಸಿಹಿಯಾಗಿಯೇ ಉಳಿಸಿ ನೀರಾ ಪಡೆಯಬೇಕೆನ್ನುವವರು ಗಡಿಗೆಯ ಒಳಮೈಗೆ ಸುಣ್ಣ ಬಳಿಯುವುದು ಯೀಸ್ಟನ್ನು ತಡೆಯುವುದಕ್ಕಾಗಿಯೇ. ೧೯೬೫ರ ಅಬಕಾರಿ ಕಾಯಿದೆಯು ಪರವಾನಗಿಯಿಲ್ಲದೆ ಮಾದಕ ಪೇಯ ತಯಾರಿಸುವುದನ್ನು ನಿಷೇಧಿಸುತ್ತದೆಂಬುದೂ ನೆನಪಿರಲಿ. ಆದರೆ ನಮ್ಮ ಮುಖ್ಯ ಚಿಂತೆ ಕಾಯಿದೆಯದಲ್ಲ. ಬೇವಿನ ಗಡಿಗೆಯ ಸುತ್ತ ನಿಂತ ಮಗು, ಗರ್ಭಿಣಿ, ಔಷಧ ಸೇವಿಸುತ್ತಿರುವ ವೃದ್ಧ, ಮತಧರ್ಮದ ಕಾರಣದಿಂದ ಮದ್ಯವನ್ನು ಮುಟ್ಟದ ನೆರೆಯವ, ಕುಡಿತವನ್ನು ಕಷ್ಟಪಟ್ಟು ಬಿಟ್ಟವ, ಇವರೆಲ್ಲರೂ ಕೇಳದೆಯೇ ನಂಬಿ ಕುಡಿಯುವ ಪೇಯವದು. ಆ ನಂಬಿಕೆಯನ್ನು ಗುಳ್ಳೆಯ ಆಸೆಗಾಗಿ ಸಡಿಲಿಸುವುದು ಸರಿಯಲ್ಲ.

ಎರಡನೆಯದು ಒತ್ತಡದ ವಿಷಯ. ಅನಿಲವು ತಣ್ಣನೆಯ ನೀರಿನಲ್ಲಿ ಹೆಚ್ಚಾಗಿಯೂ ಬೆಚ್ಚನೆಯ ನೀರಿನಲ್ಲಿ ಕಡಿಮೆಯಾಗಿಯೂ ಕರಗುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಒಂದು ಲೀಟರು ನೀರು ೨೦ ಡಿಗ್ರಿಯಲ್ಲಿ ಸುಮಾರು ೦.೯ ಲೀಟರಿನಷ್ಟು ಇಂಗಾಲಾಮ್ಲವನ್ನು ಹಿಡಿದಿಡಬಲ್ಲುದು. ೪೦ ಡಿಗ್ರಿಯಲ್ಲಿ ಸುಮಾರು ಅರ್ಧ ಲೀಟರನ್ನು ಮಾತ್ರ. ಮಿಕ್ಕುದನ್ನು ಒಳಗೆ ಹಿಡಿದಿಡಬೇಕಾದರೆ ಒತ್ತಡವೇ ಬೇಕು. ಲೀಟರಿಗೆ ಮೂರು ಲೀಟರು ಅನಿಲವುಳ್ಳ, ಬಾಯಿಮಟ್ಟ ತುಂಬಿದ ಸೀಸೆಯೊಂದನ್ನು ೧೦ ಡಿಗ್ರಿಯಲ್ಲಿಟ್ಟರೆ ಒಳಗಿನ ಒತ್ತಡ ವಾಯುಭಾರದ ಸುಮಾರು ಎರಡೂವರೆ ಪಟ್ಟಿರುತ್ತದೆ. ಅದೇ ಸೀಸೆಯನ್ನು ೨೦ ಡಿಗ್ರಿಯಲ್ಲಿಟ್ಟರೆ ಸುಮಾರು ಮೂರೂವರೆ ಪಟ್ಟು. ೪೦ ಡಿಗ್ರಿಯಲ್ಲಿಟ್ಟರೆ ಐದೂವರೆ ಪಟ್ಟನ್ನೂ ಮೀರುತ್ತದೆ. ಪಾನಕಕ್ಕೆ ಒಂದು ಹರಳು ಸಕ್ಕರೆಯನ್ನೂ ಸೇರಿಸದೆ, ಬರಿಯ ಬೇಸಗೆಯ ಬಲದಿಂದಲೇ ಒತ್ತಡ ಇಮ್ಮಡಿಯಾದಂತಾಯಿತು. ಸಕ್ಕರೆ ಮಿಕ್ಕಿದ್ದರಂತೂ ಅನಿಲವೂ ಬೆಳೆಯುತ್ತ ಹೋಗುತ್ತದೆ. ೧೦೦ ಗ್ರಾಂ ಬೆಲ್ಲ ಪೂರ್ತಿ ಹುದುಗಿದರೆ ಹೊರಡುವ ಅನಿಲ ಇಪ್ಪತ್ತು ಲೀಟರಿಗೂ ಮಿಗಿಲು. ಅದನ್ನು ಒಂದು ಲೀಟರಿನ ಸೀಸೆಯಲ್ಲಿ ತಡೆದು ನಿಲ್ಲಿಸುವ ಗಾಜನ್ನು ಮನೆಬಳಕೆಗಾಗಿ ಯಾರೂ ಮಾಡಿಲ್ಲ.

ಈ ಪಾಠವನ್ನು ಫ್ರಾನ್ಸಿನ ಶಾಂಪೇನ್ ಸೀಮೆಯವರು ರಕ್ತ ಕೊಟ್ಟು ಕಲಿತರು. ಅಲ್ಲಿಯ ನೆಲಮಾಳಿಗೆಗಳಲ್ಲಿ ಒಂದು ಸೀಸೆ ಸಿಡಿದರೆ ಅದರ ಚೂರು ಪಕ್ಕದ ಸೀಸೆಗೆ ಬಡಿದು, ಸಾಲು ಸಾಲಾಗಿ ಒಡೆದುಹೋಗುತ್ತಿದ್ದವು. ಕೆಲಸಗಾರರು ಕಬ್ಬಿಣದ ಮುಖವಾಡ ಧರಿಸಿ ಒಳಹೋಗುತ್ತಿದ್ದರು. ೧೮೩೬ರ ಸುಮಾರಿಗೆ ಫ್ರಾಂಸ್ವಾ ಎಂಬ ಔಷಧ ತಯಾರಕನೊಬ್ಬನು ಸೀಸೆ ಕಟ್ಟುವ ಮೊದಲು ರಸದಲ್ಲಿ ಉಳಿದಿರುವ ಸಕ್ಕರೆಯನ್ನು ಅಳೆದು, ಬೇಕಾದಷ್ಟನ್ನು ಮಾತ್ರ ಸೇರಿಸುವ ವಿಧಾನವನ್ನು ತೋರಿಸಿಕೊಟ್ಟನು. ಆ ಮೇಲೆ ಈ ಅನಾಹುತ ಇಳಿಮುಖವಾಯಿತು. ಇಂದು ಶಾಂಪೇನಿನ ಸೀಸೆಗೆ ಲೀಟರಿಗೆ ಸುಮಾರು ೨೪ ಗ್ರಾಂ ಸಕ್ಕರೆಯನ್ನು ತೂಗಿ ಹಾಕುತ್ತಾರೆ. ಗಾಜು ಬಲು ದಪ್ಪ, ನೆಲಮಾಳಿಗೆ ಬಲು ತಂಪು. ಅಳತೆ, ಗಾಜು, ತಂಪು ಈ ಮೂರೂ ಅಲ್ಲಿವೆ. ಸುರಪುರದ ಅಡುಗೆಮನೆಯಲ್ಲಿ ಬೆಲ್ಲದ ಪಾನಕವನ್ನು ಹಳೆಯ ಔಷಧದ ಸೀಸೆಗೋ ಶರಬತ್ತಿನ ಸೀಸೆಗೋ ತುಂಬುವವನ ಬಳಿ ಈ ಮೂರರಲ್ಲಿ ಯಾವುದೂ ಇರುವುದಿಲ್ಲ. ಕಣ್ಣಿಗೆ ಕಾಣದ ಒಂದು ಗೀರು ಸಾಕು, ಗಾಜು ಸಿಡಿಯಲು. ಕೈಬೆರಳು ಹೋದರೂ ಬದುಕಬಹುದು. ಕಣ್ಣು ಹೋದರೆ ಮರಳಿ ಬಾರದು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳನ್ನೂ ವಿಚಾರಿಸುವುದು ನ್ಯಾಯ. ‘ಜೋಳದ ಅಂಬಲಿಯನ್ನು ನಮ್ಮವರು ಹುಳಿಬರಿಸಿಯೇ ಕುಡಿಯುತ್ತಾರಲ್ಲ, ಅದರಿಂದ ಯಾರಿಗೇನಾಗಿದೆ?’ ಎಂಬುದು ಮೊದಲನೆಯ ಮಾತು. ಅಂಬಲಿಯು ಉತ್ತಮವಾದ ಪೇಯವೇ ಸರಿ. ಬಿಸಿಲಿನಲ್ಲಿ ದುಡಿಯುವವನಿಗೆ ಅದಕ್ಕಿಂತ ಹಿತವಾದುದು ವಿರಳ. ಆದರೆ ಅಂಬಲಿಯಲ್ಲಿ ಬೆಲ್ಲವಿರುವುದಿಲ್ಲ. ಅಲ್ಲಿ ಪ್ರಧಾನವಾಗಿ ಕೆಲಸ ಮಾಡುವುದು ಮೊಸರನ್ನು ಹುಳಿಮಾಡುವ ಜಾತಿಯ ಬ್ಯಾಕ್ಟೀರಿಯ. ಹುಟ್ಟುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ. ಅದಕ್ಕಿಂತ ಮುಖ್ಯವಾಗಿ, ಅಂಬಲಿಯ ಗಡಿಗೆಯ ಬಾಯಿ ತೆರೆದಿರುತ್ತದೆ ಇಲ್ಲವೆ ಬಟ್ಟೆಯಿಂದ ಸಡಿಲವಾಗಿ ಮುಚ್ಚಿರುತ್ತದೆ. ಸೇಂದಿಯ ಗಡಿಗೆಯೂ ಹಾಗೆಯೇ. ನಮ್ಮ ಹಿರಿಯರು ಅನೇಕ ಪದಾರ್ಥಗಳನ್ನು ಹುದುಗಿಸಿದರು. ಆದರೆ ಹುದುಗುವುದನ್ನು ಬಿಗಿಯಾಗಿ ಮುಚ್ಚಿಡಲಿಲ್ಲ. ಬಿರಡೆಯೊಂದಿಗೆ ಅಪಾಯವೂ ಹೊಸದಾಗಿ ಬಂದಿದೆ.

‘ಗಾಜು ಬೇಡ, ಪ್ಲಾಸ್ಟಿಕ್ ಸೀಸೆಯಾದರೆ ಸಿಡಿದರೂ ಚೂರು ಹಾರದಲ್ಲ’ ಎಂಬುದು ಎರಡನೆಯ ಮಾತು. ಇದರಲ್ಲಿ ಹುರುಳಿದೆ. ಸೋಡಾ ತುಂಬಿ ಬಂದ ಪ್ಲಾಸ್ಟಿಕ್ ಸೀಸೆ ಒತ್ತಡವನ್ನು ತಾಳುವಂತೆ ತಯಾರಾಗಿರುತ್ತದೆ. ಅದನ್ನು ಕೈಯಿಂದ ಒತ್ತಿ ನೋಡಿದರೆ ಎಷ್ಟು ಬಿಗಿದಿದೆಯೆಂಬುದೂ ತಿಳಿಯುತ್ತದೆ. ನಮ್ಮ ಸಲಹೆಯನ್ನು ಬದಿಗಿಟ್ಟು ವಯಸ್ಕರಾರಾದರೂ ಶುಂಠಿಯದೋ ಹೂವಿನದೋ ಪಾನಕವನ್ನು ಹುದುಗಿಸಿಯೇ ನೋಡುವೆವೆಂದರೆ ಅಂತಹ ಸೀಸೆಯೇ ಇರಲಿ. ಬಾಯಿಯ ಕೆಳಗೆ ಮೂರು ಬೆರಳಿನ ತೆರಪಿರಲಿ. ಸೀಸೆ ಬಿಗಿದೊಡನೆ ಫ್ರಿಜ್ಜಿಗೆ ಸೇರಲಿ. ಎರಡು ಮೂರು ದಿನಗಳಲ್ಲಿ ಮುಗಿಯಲಿ. ಮಕ್ಕಳ ಕೈಗೆ ಸಿಕ್ಕದಿರಲಿ. ಆದರೆ ಶೈತ್ಯವು ಯೀಸ್ಟನ್ನು ಕೊಲ್ಲುವುದಿಲ್ಲ, ಜಡಗೊಳಿಸುತ್ತದೆ ಅಷ್ಟೆ. ಬೇಸಗೆಯಲ್ಲಿ ವಿದ್ಯುತ್ತು ಕೆಲವು ಗಂಟೆ ನಿಂತರೆ ಅದು ಮತ್ತೆ ಎಚ್ಚರಗೊಳ್ಳುತ್ತದೆ. ಪ್ಲಾಸ್ಟಿಕ್ ಸೀಸೆಯು ಒತ್ತಡದ ಸಮಸ್ಯೆಯನ್ನು ಸ್ವಲ್ಪಮಟ್ಟಿಗೆ ಬಿಡಿಸಬಹುದು; ಮದ್ಯಸಾರದ ಸಮಸ್ಯೆಯನ್ನು ಅದು ಮುಟ್ಟುವುದೇ ಇಲ್ಲ.

‘ಸ್ವಾಭಾವಿಕವಾಗಿ ಹುಟ್ಟಿದ ಗುಳ್ಳೆಯ ರುಚಿಯೇ ಬೇರೆ, ಯಂತ್ರದ ಗಾಳಿ ಅದಕ್ಕೆ ಸಮನಲ್ಲ’ ಎಂಬುದು ಮೂರನೆಯ ಮಾತು. ಹುದುಗಿದ ರಸದಲ್ಲಿ ಯೀಸ್ಟು ಹುಟ್ಟಿಸಿದ ಬೇರೆ ಪರಿಮಳಗಳಿರುತ್ತವೆಂಬುದು ನಿಜ. ಆದರೆ ಅನಿಲದ ಮಟ್ಟಿಗೆ ಭೇದವೇನೂ ಇಲ್ಲ. ಇಂಗಾಲಾಮ್ಲದ ಕಣ ಎಲ್ಲಿ ಹುಟ್ಟಿದರೂ ಒಂದೇ. ಇದಕ್ಕೆ ಇತಿಹಾಸವೇ ಸಾಕ್ಷಿಯಾಗಿದೆ. ೧೭೬೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಬೀರು ಬಟ್ಟಿಯೊಂದರ ಪಕ್ಕದಲ್ಲಿ ವಾಸವಾಗಿದ್ದ ಜೋಸೆಫ್ ಪ್ರೀಸ್ಟ್ಲಿಯು ಹುದುಗುವ ಕೊಪ್ಪರಿಗೆಗಳ ಮೇಲೆ ಕವಿದಿರುತ್ತಿದ್ದ ಭಾರವಾದ ಗಾಳಿಯನ್ನು ಗಮನಿಸಿ, ಅದರಲ್ಲಿ ನೀರನ್ನು ಹಿಡಿದು, ನೀರು ಹಿತವಾಗಿ ಹುಳಿಯೇರುವುದನ್ನು ಕಂಡನು. ೧೭೭೨ರಲ್ಲಿ ಆ ವಿಧಾನವನ್ನು ಪ್ರಕಟಿಸಿದನು. ಲೋಕದ ಸೋಡಾ ಉದ್ಯಮವೆಲ್ಲ ಅದರಿಂದ ಬೆಳೆಯಿತು. ಆತನು ಮಾಡಿದುದೇನು? ಅವಳಿಗಳಲ್ಲಿ ಒಂದಾದ ಅನಿಲವನ್ನು ನೀರಿಗೆ ತಂದು, ಇನ್ನೊಂದಾದ ಮದ್ಯಸಾರವನ್ನು ಕೊಪ್ಪರಿಗೆಯಲ್ಲಿಯೇ ಬಿಟ್ಟನು. ಬೇವಿನ ವಿಷಯದಲ್ಲಿ ನಾವು ಸೂಚಿಸುವುದೂ ಇಷ್ಟನ್ನೇ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಸಾಧನವೂ ಇದೆ. ಅದು ಗೋಲಿ ಸೋಡಾ. ಹೈರಂ ಕಾಡ್ ಎಂಬ ಇಂಗ್ಲಿಷರವನು ೧೮೭೨ರಲ್ಲಿ ಹಕ್ಕು ಪಡೆದ ಈ ಸೀಸೆಯಲ್ಲಿ ಬಿರಡೆಯ ಬದಲು ಗಾಜಿನ ಗೋಲಿಯಿದೆ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ಅನಿಲ ತುಂಬಿದಾಗ ಗೋಲಿಯು ಕತ್ತಿಗೆ ಜಾರುತ್ತದೆ. ಒಳಗಿನ ಒತ್ತಡವೇ ಅದನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಒಡೆಯಲು ಹವಣಿಸುವ ಶಕ್ತಿಯನ್ನೇ ಮುಚ್ಚುವ ಕೆಲಸಕ್ಕೆ ಹಚ್ಚಿದ ಈ ಜಾಣ್ಮೆ ಮೆಚ್ಚತಕ್ಕುದು. ಗಾಜು ದಪ್ಪ, ಅನಿಲ ಹೊರಗಿನ ಸಿಲಿಂಡರಿನಿಂದ ಬರುತ್ತದೆ, ಒಳಗೆ ಹುದುಗುವ ಸಕ್ಕರೆಯಿಲ್ಲದುದರಿಂದ ಒತ್ತಡ ತಾನಾಗಿ ಬೆಳೆಯುವುದಿಲ್ಲ. ಊರಿನಲ್ಲಿ ಸೋಡಾ ಮಾಡುವವನಿದ್ದರೆ ನಾಲ್ಕು ಕಾಸು ಅವನಿಗೂ ಸೇರುತ್ತದೆ.

ಪಾನಕದ ಭಾಗವನ್ನು ಮನೆಯಲ್ಲಿ ಹೀಗೆ ಸಿದ್ಧಪಡಿಸಬಹುದು. ೪೦ ಗ್ರಾಂ ಹುಣಿಸೆಹಣ್ಣನ್ನು ೩೦೦ ಮಿಲಿಲೀಟರು ನೀರಿನಲ್ಲಿ ಕಿವುಚಿ ಸೋಸಬೇಕು. ಅದಕ್ಕೆ ೭೦೦ ಗ್ರಾಂ ಬೆಲ್ಲ ಹಾಕಿ ಕರಗಿಸಿ, ಕುದಿ ಬಂದ ಮೇಲೆ ಐದು ನಿಮಿಷ ಕುದಿಸಿ, ನೊರೆ ತೆಗೆದು ಬಟ್ಟೆಯಲ್ಲಿ ಸೋಸಬೇಕು. ಬಿಸಿಯಿರುವಾಗಲೇ ತೊಟ್ಟು ಕಡ್ಡಿಗಳಿಲ್ಲದಂತೆ ಬಿಡಿಸಿದ ಬೇವಿನ ಹೂವನ್ನು ಎರಡು ಚಮಚದಷ್ಟು ಹಾಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೆ ಸೋಸಬೇಕು. ಕುದಿಯಿಂದ ಬೆಲ್ಲದ ಯೀಸ್ಟು ಸಾಯುತ್ತದೆ. ಬಿಸಿಪಾಕದಲ್ಲಿ ಹೂವಿನ ಯೀಸ್ಟೂ ಉಳಿಯುವುದು ಕಷ್ಟ. ಇಷ್ಟು ದಟ್ಟವಾದ ಸಿಹಿಯು ಹೊರಗಿನಿಂದ ಬಂದ ಸೂಕ್ಷ್ಮಜೀವಿಯ ಮೈಯಿಂದ ನೀರನ್ನು ಹೀರಿ ಅದನ್ನು ಬೆಳೆಯಗೊಡುವುದಿಲ್ಲ. ಜೇನುತುಪ್ಪ ಕೆಡದಿರುವುದಕ್ಕೂ ಇದೇ ಕಾರಣ. ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದ ಪಾತ್ರೆಯಲ್ಲಿ ಇದನ್ನು ತಂಪಾಗಿಟ್ಟು ಹದಿನೈದು ದಿನಗಳೊಳಗೆ ಬಳಸುವುದು ಒಳ್ಳೆಯದು. ಗುಳ್ಳೆ ಕಂಡರೆ ಅಥವಾ ವಾಸನೆ ಬದಲಾದರೆ ಚೆಲ್ಲಿಬಿಡಬೇಕು.

ಕುಡಿಯುವಾಗ ಲೋಟಕ್ಕೆ ಈ ಪಾಕದ ೩೦ ಮಿಲಿಲೀಟರು ಹಾಕಿ, ತಣ್ಣನೆಯ ಸೋಡಾ ೨೦೦ ಮಿಲಿಲೀಟರನ್ನು ಲೋಟದ ಬದಿಯಿಂದ ಮೆಲ್ಲಗೆ ಸುರಿಯಬೇಕು. ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ದ್ರಾಕ್ಷಿ ಮುಂತಾದುವನ್ನು ಆ ಗಳಿಗೆಯಲ್ಲಿಯೇ ಸೇರಿಸಬೇಕು. ಗುಳ್ಳೆಯೂ ಆಯಿತು, ಬೇವೂ ಆಯಿತು, ಅಮಲಿನ ಭಯವಿಲ್ಲ. ಆದರೆ ಒಂದು ಲೋಟಕ್ಕೆ ಸುಮಾರು ೨೮ ಗ್ರಾಂ ಬೆಲ್ಲ ಹೋಗುತ್ತದೆಂಬುದನ್ನು ಮಧುಮೇಹಿಗಳು ಮರೆಯಬಾರದು, ಬೆಲ್ಲವೂ ಸಕ್ಕರೆಯೇ. ಗೋಲಿ ಸೋಡಾ ದೊರೆಯದ ಕಡೆ ಹುಳಿಪಾನಕಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕುವುದುಂಟು. ಹುಣಿಸೆಯ ಆಮ್ಲದೊಡನೆ ಅದು ಕೂಡಿ ಇದೇ ಅನಿಲವನ್ನು ಕ್ಷಣಕಾಲ ಎಬ್ಬಿಸುತ್ತದೆ. ಆದರೆ ಹುಳಿ ಕುಂದಿ ಉಪ್ಪುರುಚಿ ಉಳಿಯುತ್ತದೆ. ರಕ್ತದ ಒತ್ತಡವುಳ್ಳವರಿಗೆ ಆ ಸೋಡಿಯಂ ಒಳ್ಳೆಯದಲ್ಲ.

ಪಾತ್ರೆಯ ವಿಷಯವೂ ಒಂದಿದೆ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಹುಣಿಸೆಯ ಪಾನಕವನ್ನು ಇಡಲೇಬಾರದು. ಹುಳಿಯು ಲೋಹವನ್ನು ಕರಗಿಸುತ್ತದೆ. ಸೋಡಾ ಸೇರಿದರೆ ಮತ್ತಷ್ಟು. ಹಬ್ಬಕ್ಕೆ ಹೊಸ ಮಣ್ಣಿನ ಗಡಿಗೆಯನ್ನು ಆರಿಸಿದವರು ಈ ದೃಷ್ಟಿಯಿಂದಲೂ ಸರಿಯಾದುದನ್ನೇ ಆರಿಸಿದ್ದಾರೆ. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುವುದರಿಂದ, ಈ ಒಣಹವೆಯ ನಾಡಿನಲ್ಲಿ ಅದು ಬೆಂಕಿಯೂ ವಿದ್ಯುತ್ತೂ ಬೇಡದ ತಂಪುಯಂತ್ರವಾಗಿದೆ.

ಪಾತ್ರೆಗಿಂತಲೂ ದೊಡ್ಡ ಪ್ರಶ್ನೆ ನೀರಿನದು. ಯಾದಗಿರಿ ಜಿಲ್ಲೆಯ ಅನೇಕ ಕಡೆಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಕಂಡುಬಂದಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ಪಾಷಾಣವೇ ಕಂಡುಬಂದು, ಅಲ್ಲಿನವರ ಚರ್ಮದ ಮೇಲೆ ಅದರ ಗುರುತು ಮೂಡಿದುದು ವಿಜ್ಞಾನಿಗಳ ಅಧ್ಯಯನದಿಂದ ತಿಳಿದಿದೆ. ಭಾರತೀಯ ಮಾನಕ ಸಂಸ್ಥೆಯ ೨೦೧೨ರ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡು ೧ ಮಿಲಿಗ್ರಾಂ ಇರಬಹುದು. ಬೇರೆ ನೀರು ದೊರೆಯದಾಗ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಆರ್ಸೆನಿಕ್ಕಿನ ಮಿತಿ ೦.೦೧ ಮಿಲಿಗ್ರಾಂ. ಈ ವಿಷಗಳನ್ನು ಯೀಸ್ಟು ತಿನ್ನುವುದಿಲ್ಲ, ಹುಣಿಸೆ ಮುರಿಯುವುದಿಲ್ಲ, ಸೋಡಾದ ಗಾಳಿ ಓಡಿಸುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗಿ ಅವು ಮತ್ತಷ್ಟು ದಟ್ಟವಾಗುತ್ತವೆ. ಪಾನಕದ ನೀರೂ ಸೋಡಾ ಮಾಡುವವನ ನೀರೂ ಪರೀಕ್ಷಿಸಿದ ಮೂಲದಿಂದ ಬಂದಿರಬೇಕೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಇದೆ. ಸೀಸೆಯ ಗುಳ್ಳೆಯ ಬಗೆಗೆ ತೋರಿಸುವ ಉತ್ಸಾಹದಲ್ಲಿ ಕಾಲುಭಾಗವನ್ನು ಬಾವಿಯ ನೀರಿನ ಬಗೆ ತೋರಿಸಿದರೂ ಜಿಲ್ಲೆಗೆ ಉಪಕಾರವಾದೀತು.

ಬೇವಿನ ಔಷಧಗುಣದ ಬಗೆಗೂ ಒಂದು ಎಚ್ಚರಿಕೆಯ ಮಾತು. ೧೯೪೨ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇವಿನ ಎಣ್ಣೆಯಿಂದ ನಿಂಬಿನ್ ಮುಂತಾದ ಕಹಿ ದ್ರವ್ಯಗಳನ್ನು ಬೇರ್ಪಡಿಸಿದರು. ಅಂದಿನಿಂದ ಈ ಮರದ ರಸಾಯನಶಾಸ್ತ್ರ ಬಹಳವಾಗಿ ಬೆಳೆದಿದೆ. ಆದರೆ ಪ್ರಬಲ ದ್ರವ್ಯವುಳ್ಳದ್ದೆಲ್ಲವೂ ಎಲ್ಲರಿಗೂ ಹಿತವೆಂದರ್ಥವಲ್ಲ. ಬೇವಿನ ಎಣ್ಣೆಯನ್ನು ಕುಡಿಸಿದುದರಿಂದ ಹಸುಳೆಗಳಿಗೆ ಪ್ರಾಣಾಪಾಯವೊದಗಿದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಹಬ್ಬದ ಪಾನಕದಲ್ಲಿ ಬೀಳುವ ಚಿಟಿಕೆ ಹೂವಿಗೂ ಆ ಎಣ್ಣೆಗೂ ಅಜಗಜಾಂತರವಿದೆ. ಹೂವನ್ನು ಹೂವಾಗಿಯೇ, ರುಚಿಗಾಗಿಯೇ, ಮಿತವಾಗಿ ಬಳಸಿದರೆ ಸಾಕು. ಗುಳ್ಳೆಯೇಳುವ ಬೇವು ಸರ್ವರೋಗಹರವೆಂದು ಯಾರಾದರೂ ಸೀಸೆಗೆ ಚೀಟಿ ಅಂಟಿಸಿ ಮಾರಿದರೆ ಅದನ್ನು ನಂಬಬೇಕಾದುದಿಲ್ಲ.

ಹುದುಗನ್ನು ನೋಡುವ ಕುತೂಹಲವನ್ನು ಮಾತ್ರ ನಾವು ಎಂದಿಗೂ ಹತ್ತಿಕ್ಕಬಾರದು. ಅದಕ್ಕೆ ಸರಿಯಾದ ಸ್ಥಳ ಮಲಗುವ ಕೋಣೆಯ ಅಟ್ಟವಲ್ಲ, ಶಾಲೆಯ ಮೇಜು. ಯಾದಗಿರಿ, ಶಹಾಪುರ, ಸುರಪುರಗಳ ಯಾವ ಪ್ರೌಢಶಾಲೆಯಲ್ಲಾದರೂ ಈ ಪ್ರಯೋಗವನ್ನು ಮಾಡಬಹುದು. ಎರಡು ಪ್ಲಾಸ್ಟಿಕ್ ಸೀಸೆಗಳಲ್ಲಿ ೨೦೦ ಮಿಲಿಲೀಟರು ನೀರು, ೨೦ ಗ್ರಾಂ ಬೆಲ್ಲ, ಚಿಟಿಕೆ ಯೀಸ್ಟು ಹಾಕಿ, ಬಾಯಿಗೆ ಬಿರಡೆಯ ಬದಲು ರಬ್ಬರಿನ ಬುಗ್ಗೆಯನ್ನು ತೊಡಿಸಬೇಕು. ಒಂದನ್ನು ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿಯೂ ಇನ್ನೊಂದನ್ನು ಬೆಚ್ಚಗಿನ ಜಾಗದಲ್ಲಿಯೂ ಇಡಬೇಕು. ಎರಡನೆಯ ಬುಗ್ಗೆ ಬೇಗನೆ ಉಬ್ಬುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಬುಗ್ಗೆಯ ಗಾಳಿಯನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಲವಾಸಿಯೇ, ಪಾಸ್ತರ್, ಪ್ರೀಸ್ಟ್ಲಿಯರು ಕಲಿಸಿದ ಪಾಠಗಳೆಲ್ಲ ಒಂದು ಮುಕ್ಕಾಲು ಗಂಟೆಯಲ್ಲಿ ಅಂಗೈಗೆ ಬಂದಂತಾಗುತ್ತದೆ. ಸೀಸೆಯನ್ನು ಏಕೆ ಮುಚ್ಚಬಾರದೆಂದು ಬುಗ್ಗೆಯೇ ಹೇಳುವುದರಿಂದ ಉಪಾಧ್ಯಾಯರು ಬೇರೆ ಹೇಳಬೇಕಾದುದಿಲ್ಲ.

ಹಳೆಯ ಪದ್ಧತಿಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕಾಪಾಡಬೇಕೆಂದು ಈ ಲೇಖಕನ ವಾದವಲ್ಲ. ಹೊಸದನ್ನು ಹೊಸದೆಂಬ ಕಾರಣಕ್ಕೆ ಹೊಗಳಬೇಕೆಂದೂ ಅಲ್ಲ. ಎರಡನ್ನೂ ಅಳೆದು ನೋಡಿದಾಗ ದೊರೆಯುವ ಫಲಿತಾಂಶ ಸರಳವಾಗಿದೆ: ಪಾನಕವನ್ನು ಅಂದಂದಿಗೆ ಮಾಡಬೇಕು, ಇಡಬೇಕಾದರೆ ದಟ್ಟವಾದ ಪಾಕವಾಗಿ ಇಡಬೇಕು, ಗುಳ್ಳೆ ಬೇಕಾದರೆ ಸೋಡಾದಿಂದ ಪಡೆಯಬೇಕು, ಹುದುಗುವುದಾವುದನ್ನೂ ಗಾಜಿನಲ್ಲಿ ಬಿಗಿದು ಮುಚ್ಚಬಾರದು, ಎಲ್ಲಕ್ಕೂ ಮೊದಲು ನೀರನ್ನು ಪರೀಕ್ಷಿಸಬೇಕು. ಇಷ್ಟನ್ನು ಪಾಲಿಸಿದರೆ ಬೇವಿನ ಗಡಿಗೆಗೆ ಮಗುವೂ ಮುದುಕನೂ, ಆ ಮತದವನೂ ಈ ಮತದವನೂ ಹಿಂದಿನಂತೆಯೇ ನಿಶ್ಚಿಂತೆಯಿಂದ ಲೋಟ ಚಾಚಬಹುದು.